ಸವಣೂರು ಮುಗಿಯುವವರೆಗೆ ಮಜ್ಜಿಗೆ ಇಲ್ಲ

ನಾನೊಮ್ಮೆ ಹಾಡುತ್ತಿದ್ದೆ ಎಂದರೆ ಈಗ ನನ್ನ ದನಿ ಕೇಳಿದವರು ನಂಬುವುದಿಲ್ಲ. ನಂಬಿಸಲು ನಾನೂ ಹೋಗುವುದಿಲ್ಲ. ಗೌಂಡಿ ಕೆಲಸದವನಿಗೆ ದನಿ ಬೇಕಾಗುವುದು ಕೆಳಗೆ ನಿಂತವರಿಗೆ ಗಾರೆ ತರಲು ಹೇಳುವುದಕ್ಕೆ ಮಾತ್ರ. ಹಾನಗಲ್ಲಿನಿಂದ ಹಿರೇಕೆರೂರಿನ ತನಕ ನಾನು ಎಬ್ಬಿಸಿದ ಗೋಡೆಗಳಿವೆ, ಒಂದೂ ಹೊಟ್ಟೆ ಬಿಟ್ಟಿಲ್ಲ. ಆದರೆ ಆರನೆಯ ಇಯತ್ತೆಗೆ ಸಾಲೆ ಬಿಟ್ಟವನು ಇಂದು ಲೆಕ್ಕಣಿಕೆ ಹಿಡಿದು ಕುಳಿತದ್ದು ಗೋಡೆಗಳ ಸಲುವಾಗಿ ಅಲ್ಲ. ನಮ್ಮವ್ವನ ಮೇಲೆ ಒಂದು ಅಪವಾದ ಬಂದಿತ್ತು. ಅದನ್ನು ಹೊರಿಸಿದವರು ಯಾರು, ನಂಬಿದವನು ಯಾರು ಎಂಬುದನ್ನು ಬರೆದಿಡದೆ ಹೋದರೆ ನನಗೆ ಸಮಾಧಾನವಿಲ್ಲ.

ಮಹಾಯುದ್ಧ ಶುರುವಾಗುವ ಎರಡು ಮೂರು ವರ್ಷ ಮೊದಲಿನ ಮಾತು. ನಮ್ಮೂರು ಹಾನಗಲ್ಲಿನಿಂದ ಚಕ್ಕಡಿಯಲ್ಲಿ ಎರಡು ತಾಸಿನ ದಾರಿ. ಹಾನಗಲ್ಲಿನಲ್ಲಿ ಒಬ್ಬ ಮಾಸ್ತರರು ವಚನ ಹಾಡುವ ಮೇಳ ಕಟ್ಟಿದ್ದರು. ನಾಲ್ವರು ದೊಡ್ಡವರು, ಐವರು ಹುಡುಗರು. ದೊಡ್ಡವರು ಒಂದು ಸಾಲನ್ನು ಕೆಳಗಿನ ದನಿಯಲ್ಲಿ ಹೇಳಿ ನಿಲ್ಲಿಸುತ್ತಿದ್ದರು. ಅದೇ ಸಾಲನ್ನು ನಾವು ಹುಡುಗರು ಮೇಲಿನ ಸ್ಥಾಯಿಯಲ್ಲಿ ಎತ್ತಿಕೊಳ್ಳುತ್ತಿದ್ದೆವು. ಆ ಹೊತ್ತಿಗೆ ಜಮಖಾನೆಯ ಮೇಲೆ ಕುಳಿತವರು ಎಲೆಗೆ ಸುಣ್ಣ ಹಚ್ಚುವುದನ್ನು ಬಿಟ್ಟು ತಲೆ ಎತ್ತುತ್ತಿದ್ದರು. ಜನ ನಮ್ಮನ್ನು ಕರೆಸುತ್ತಿದ್ದುದೇ ಆ ಮೇಲಿನ ದನಿಗಾಗಿ. ಶಿಗ್ಗಾಂವಿ, ಬಂಕಾಪುರ, ರಟ್ಟೀಹಳ್ಳಿ, ಹಂಸಭಾವಿ, ಎಲ್ಲೆಲ್ಲಿ ಪುರಾಣ ಮುಗಿಸುವ ಮಂಗಲವಿದ್ದರೂ ನಮ್ಮ ಚಕ್ಕಡಿ ಅಲ್ಲಿ. ಹುಡುಗರ ಸಾಲಿನ ನಡುವೆ, ಎಲ್ಲರಿಗಿಂತ ಒಂದು ಗೇಣು ಮುಂದೆ, ನನ್ನ ಜಾಗ. ನಾನು ಎತ್ತಿದ ಮೇಲೆಯೇ ಉಳಿದ ನಾಲ್ವರು ಕೂಡಿಕೊಳ್ಳಬೇಕು. ಮಾಸ್ತರರು ಹಾರ್ಮೋನಿಯಂ ಪೆಟ್ಟಿಗೆ ಇಟ್ಟುಕೊಂಡು ನಮ್ಮ ಬೆನ್ನಿಗೆ ಕೂಡುತ್ತಿದ್ದರು. ಅವರ ಬೆರಳು ನನಗೆ ಕಾಣುತ್ತಿರಲಿಲ್ಲ, ಕೇಳುತ್ತಿತ್ತು ಅಷ್ಟೆ.

ನನ್ನನ್ನು ಸಾಲೆಯಿಂದ ಬಿಡಿಸಿದವರೂ ಅವರೇ. ನಮ್ಮ ಅಂಗಳದ ಕಟ್ಟೆಯ ಮೇಲೆ ಕುಳಿತು ಅಪ್ಪನಿಗೆ ಹೇಳಿದ ಮಾತು ನನಗೆ ಇನ್ನೂ ಬಾಯಿಪಾಠವಿದೆ.

“ಈ ಹುಡುಗನ ದನಿ ಕರಿ ನಾಕರಾಗ ನಿಂತೈತ್ರಿ ಗೌಡ್ರ. ಪೆಟ್ಟಿಗಿ ಮ್ಯಾಲಿನ ನಾಕನೇ ಕರಿ ಪಟ್ಟಿ. ಅಲ್ಲಿಂದ ಮ್ಯಾಲೆ ಹಕ್ಕಿ ಹಾರಿದಂಗ ಹಾರತಾನ. ಇಂಥಾದು ನಾ ಕೇಳಿದ್ದು ಎರಡನೇ ಸಲ.”

“ಮುಲ್ಕಿ ಪರೀಕ್ಷಾ ಒಂದು ಕಟ್ಟಿಬಿಡಲ್ರಿ,” ಎಂದ ಅಪ್ಪ. ಮುಲ್ಕಿ ಪಾಸಾದರೆ ಆ ಕಾಲಕ್ಕೆ ಹುಡುಗ ಸಾಲಿ ಮಾಸ್ತರನಾಗಬಹುದಿತ್ತು, ತಲಾಠಿಯಾಗಬಹುದಿತ್ತು.

“ಮುಲ್ಕಿ ಆದವರು ಊರಿಗೆ ಹತ್ತು ಮಂದಿ ಅದಾರ. ಇಂವಗ ಯಾಕ ಅದು? ಹುಡುಗರ ದನಿ ಒಂದ ದಿನ ಒಡೀತದ, ಅದು ಎಲ್ಲಾರಿಗೂ ಗೊತ್ತದ. ಒಡದ ದಿನ ನಾನ ಬಂದು ಹೇಳ್ತೇನಿ. ಒಂದ ವರ್ಷ ಬಾಯಿ ಮುಚ್ಚಿ ಪೆಟ್ಟಿಗಿ ಕಲೀಲಿ. ಆಮ್ಯಾಲೆ ದೊಡ್ಡ ದನಿ ಬರತದ. ನನಗ ಗಂಡಸ ಮಕ್ಕಳಿಲ್ಲ. ಮೇಳ ಇವನದ.”

ಅಪ್ಪ ನನ್ನ ಕಡೆ ನೋಡಿದ. ಸಾಲೆಯ ಪಾಟಿಯನ್ನು ಗೂಟಕ್ಕೆ ತೂಗುಹಾಕಿದವನು ನಾನೇ.

ದನಿ ಕಾಯುವುದೆಂದರೆ ಮನೆಯವರಿಗೆಲ್ಲ ಒಂದು ವ್ರತ. ಜೋಳ ಹಾಲ್ದೆನೆ ಆದಾಗ ಹಕ್ಕಿ ಹೊಡೆಯಲು ಅಟ್ಟಣಿಗೆ ಹತ್ತುವವರು ನನ್ನ ಇಬ್ಬರು ಅಣ್ಣಂದಿರು, ನಾನಲ್ಲ. ಕೂಗಿದರೆ ಗಂಟಲು ಕೆಡುತ್ತದೆ. ಹುಣಸೆ, ಮಾವಿನಕಾಯಿ ಮುಟ್ಟುವಂತಿಲ್ಲ. ಬೆಳಿಗ್ಗೆ ಎದ್ದು ಎರಡು ಕಾಳು ಮೆಣಸು, ಒಂದು ಹರಳು ಕಲ್ಲುಸಕ್ಕರೆ. ಅಣ್ಣಂದಿರು ಹೊಲದಿಂದ ಬಂದು ಬಾಗಿಲಲ್ಲೇ, “ಅವ್ವಾ, ಗಿಳಿ ಉಂಡಿತೇನ? ಇಲ್ಲಾ ಪೇರಲಹಣ್ಣ ಕೊಯ್ದು ಇಡೋಣೇನ?” ಎನ್ನುತ್ತಿದ್ದರು. ನಾನು ಉತ್ತರ ಕೊಡುತ್ತಿರಲಿಲ್ಲ. ಹಾಡುವ ಬಾಯಿ ಎಂಬ ಬಿಗುವು ಆಗಲೇ ಬಂದಿತ್ತು.

ಒಂದು ಮಾಗಿಯಲ್ಲಿ, ಶಿಗ್ಗಾಂವಿಯ ಗೃಹಪ್ರವೇಶವೊಂದರಲ್ಲಿ, ಮೇಲಿನ ಸ್ವರ ಹಿಡಿಯಲು ಹೋದಾಗ ದನಿ ಜಾರಿತು. ಒಂದೇ ಕ್ಷಣ. ಕಾಲಡಿಯ ಮೆಟ್ಟಿಲು ಇಲ್ಲವಾದಂತೆ. ಮರುವಾರ ಮತ್ತೆ ಹಾಗೆಯೇ. ನಾನು ಹೆದರಿ ಮಾಸ್ತರರನ್ನೇ ಕೇಳಿದೆ.

“ಮಾಸ್ತರ್ರ, ದನಿ ಒಡೀತೇನ್ರಿ?”

ಅವರು ನನ್ನ ಗದ್ದ ಎತ್ತಿ ಬಾಯಿ ತೆರೆಸಿ ನೋಡಿದರು. ನೋಡಿ ನಕ್ಕರು. “ಎಲ್ಲೀದು? ಇದು ಹುಳಿ. ಮನ್ಯಾಗ ಯಾರೋ ನಿನಗ ಮಜ್ಜಿಗಿ ಹಾಕಾಕತ್ತಾರ.”

ಸಂಜೆ ಊರಿಗೆ ಬಂದು ಅಪ್ಪನನ್ನು ಹಿತ್ತಲಿಗೆ ಕರೆದು ಏನೋ ಮಾತಾಡಿದರು. ಆಮೇಲೆ ಓಣಿಯವರು ನಾಲ್ಕು ಮಂದಿ ಕೂತಿದ್ದ ಕಟ್ಟೆಗೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದರು. “ಯುಗಾದಿ ಮುಂದ ಸವಣೂರಾಗ ದೊಡ್ಡ ಮಂಗಲ ಐತಿ. ಸಾಹುಕಾರರು ಈ ಹುಡುಗ ಬೇಕಂತ ಹೇಳಿ ಕಳಿಸ್ಯಾರ. ಅಲ್ಲೀತನಕ ಈ ಮನ್ಯಾಗ ಮಜ್ಜಿಗಿ ಬ್ಯಾಡ.”

ಅವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು. “ನಾ ಹಾಕಿಲ್ರಿ,” ಎಂದಳು.

ಹಾಕಿರಲಿಲ್ಲವೇ? ಅನ್ನ ಕಲಸುವಾಗ ಒಂದು ಸವಟು, ಜ್ವರ ಬಂದಾಗ ಒಂದು ಬಟ್ಟಲು. ನನಗೆ ಎಲ್ಲ ನೆನಪಾಗತೊಡಗಿತು. ಇಲ್ಲದ್ದೂ ನೆನಪಾಯಿತು. ರಾತ್ರಿ ಉಣ್ಣುವಾಗ ತಾಟು ಸರಿಸಿ ನಾನು ಅವ್ವನಿಗೆ ಅಂದದ್ದನ್ನು ಇಲ್ಲಿ ಬರೆಯಲೇಬೇಕು. “ನನ್ನ ದನಿ ತಿಂದಾಕಿ ನೀನ,” ಎಂದೆ. ಅಣ್ಣಂದಿರು ಕೂಡ ಆ ದಿನ ಗಿಳಿಯ ಮಾತು ಆಡಲಿಲ್ಲ.

ಮರುದಿನದಿಂದ ಅವ್ವ ಹೆಪ್ಪು ಹಾಕುವುದನ್ನು ಬಿಟ್ಟಳು. ಕಡಗೋಲನ್ನು ತೊಳೆದು ಒಣಗಿಸಿ ಜಂತಿಗೆ ಸಿಕ್ಕಿಸಿದಳು. ಎಮ್ಮೆಯ ಹಾಲನ್ನು ಕಾಸಿ ಓಣಿಯವರಿಗೆ ಹಂಚಿದಳು. ಬಿಸಿಲು ಏರುತ್ತಿದ್ದ ದಿನಗಳು. ಅಪ್ಪ, ಅಣ್ಣಂದಿರು ಹೊಲದಿಂದ ಬಂದು ಒಣ ರೊಟ್ಟಿ, ಪುಂಡಿಪಲ್ಲೆ ಉಂಡು ನೀರು ಕುಡಿದು ಏಳುತ್ತಿದ್ದರು. ಬಾವಿಯ ಕಟ್ಟೆಯ ಮೇಲೆ ಹೆಂಗಸರು ಅವ್ವನನ್ನು ಕೇಳುತ್ತಿದ್ದರಂತೆ, “ಹೆತ್ತಾಕಿಗೆ ಅಷ್ಟೂ ತಿಳೀಬಾರದೇನ ನಮ್ಮವ್ವಾ?”

ಮಜ್ಜಿಗೆ ನಿಂತ ಎಂಟನೆಯ ದಿನ ಹಾನಗಲ್ಲಿನಲ್ಲಿ ತಾಲೀಮು. ಮಾಸ್ತರರು ಪೆಟ್ಟಿಗೆ ಹಿಡಿದರು, ನಾನು ಎತ್ತಿದೆ. ದನಿ ಹೋಗಿ ಸ್ವರದ ಮೇಲೆ ಕುಳಿತಿತು, ಜಾರಲಿಲ್ಲ. ಮತ್ತೊಮ್ಮೆ ಎತ್ತಿದೆ. ಸರಾಗ. ಮಾಸ್ತರರು ಹಿಂದಿನಿಂದ ನನ್ನ ಬೆನ್ನು ಚಪ್ಪರಿಸಿ, “ನೋಡಿದ್ಯಾ, ಹುಳಿ ಇಳೀತು,” ಎಂದರು. ಮನೆಗೆ ಬಂದು ಅದನ್ನು ಎಲ್ಲರೆದುರು ಹೇಳಿದೆ. ಅವ್ವ ಒಲೆ ಊದುತ್ತಿದ್ದಳು, ತಿರುಗಲಿಲ್ಲ. ಇನ್ನು ಸಾಕ್ಷಿ ಬೇಕಿರಲಿಲ್ಲ. ಮಜ್ಜಿಗೆ ನಿಲ್ಲಿಸಿದ್ದಕ್ಕೆ ದನಿ ಬಂತು, ಅಂದ ಮೇಲೆ ಕೆಡಿಸಿದವಳು ಅವಳೇ.

ಅದೇ ತಿಂಗಳು ಮಾಸ್ತರರು ಹೊಸ ಹುಡುಗನೊಬ್ಬನನ್ನು ತಂದರು. ಒಂಬತ್ತು ವರ್ಷದವನು, ಮುಂದಿನ ಹಲ್ಲು ಆಗ ಬರುತ್ತಿದ್ದವು. ಪೆಟ್ಟಿಗೆಯ ಪಕ್ಕಕ್ಕೆ ಕುಳಿತು ಪುಸ್ತಕದ ಹಾಳೆ ತಿರುವುವುದು ಅವನ ಕೆಲಸ. “ನಿನಗ ಬರೋದೆಲ್ಲಾ ಇಂವಗ ಹೇಳಿಕೊಡು. ಮೇಳ ನಡಸಾಂವಗ ಕಲಸಾಕ ಬರಬೇಕು,” ಎಂದರು. ಆ ಮಾತಿಗೆ ನಾನು ಉಬ್ಬಿದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ದೊಡ್ಡವರ ಸಾಲು ಮುಗಿಯುವ ಮೊದಲೇ ಹೊಟ್ಟೆಯಲ್ಲಿ ಹೇಗೆ ಗಾಳಿ ಹಿಡಿದಿರಬೇಕು, ನನಗೆ ಮೂರು ವರ್ಷ ಹಿಡಿದ ವಿದ್ಯೆಯನ್ನು ಅವನಿಗೆ ಒಂದೂವರೆ ತಿಂಗಳಲ್ಲಿ ಕೊಟ್ಟೆ. ಏನನ್ನೂ ಮುಚ್ಚಿಡಲಿಲ್ಲ. ಅದರ ಬಗ್ಗೆ ಇಂದಿಗೂ ನನಗೆ ಹೆಮ್ಮೆಯಿದೆ.

ಸವಣೂರಿನಲ್ಲಿ ಸಾಹುಕಾರರ ಮನೆಯ ಮುಂದೆ ಹಂದರ. ಬೆಳಗಿನ ಒಂಬತ್ತು ಗಂಟೆ. ನಾವು ಕುಳಿತ ಮೇಲೆ ಸಾಹುಕಾರರು ತಮ್ಮ ಮನೆಯ ಸನಾದಿಯವರನ್ನು ಕರೆದು ತಂದರು. ಮಂಗಲದ ಹಾಡಿಗೆ ಸನಾದಿ ಕೂಡಬೇಕು, ಅದು ಅವರ ಮನೆತನದ ಪದ್ಧತಿ.

ಮಾಸ್ತರರು ಕೇಳಿದರು, “ನಿಮ್ಮ ಸನಾದಿ ಎಷ್ಟರಾಗ ಐತ್ರಿ?”

“ಕರಿ ನಾಕು.”

“ಸ್ವಲ್ಪ ಕೆಳಗ ಬರ್ತದೇನು?”

ಸನಾದಿಯ ಮುದುಕ ನಕ್ಕ. “ಪೆಟ್ಟಿಗಿ ಆದ್ರ ಪಟ್ಟಿ ಬದಲಿ ಮಾಡಬಹುದ್ರಿ. ಇದು ಕಟಿಗಿ. ಕೊರದ ತೂತು ಹೆಂಗ ಸರೀತದ? ಯಾಕ, ನಿಮ್ಮ ಹುಡುಗಗ ಕರಿ ನಾಕ ಅಂತ ಊರೆಲ್ಲಾ ಹೇಳತದಲ್ಲ?”

ನನಗೂ ಅದೇ ಅನಿಸಿತು. ನನ್ನ ದನಿ ಕರಿ ನಾಲ್ಕು. ಇವರು ಯಾಕೆ ಕೇಳುತ್ತಿದ್ದಾರೆ?

ದೊಡ್ಡವರು ಸಾಲು ಹೇಳಿ ನಿಲ್ಲಿಸಿದರು. ನಾನು ಎತ್ತಿದೆ. ಸ್ವರ ನಾನಿಟ್ಟ ಕಡೆ ಇರಲಿಲ್ಲ. ಇನ್ನೂ ಮೇಲೆ ಇತ್ತು. ಹತ್ತಿದೆ, ಒದ್ದಾಡಿದೆ, ಕೊನೆಗೆ ದನಿ ಸೀಳಿ ಗಂಡಸರದೂ ಅಲ್ಲದ, ಹುಡುಗರದೂ ಅಲ್ಲದ ಒಂದು ಕೂಗು ಹೊರಬಿತ್ತು. ಜನ ತಲೆ ಎತ್ತಿದರು. ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ ಅದೇ ಸಾಲು ಸ್ವಚ್ಛವಾಗಿ ಮೇಲೆದ್ದಿತು. ಹಾಳೆ ತಿರುವುವ ಹುಡುಗ. ನಾನು ಕಲಿಸಿದ ಕಡೆಯೇ ಉಸಿರು ತೆಗೆದುಕೊಂಡ. ಉಳಿದ ನಾಲ್ವರು ಅವನನ್ನೇ ಕೂಡಿಕೊಂಡರು. ನಾನು ಹಾಡು ಮುಗಿಯುವ ತನಕ ಬಾಯಿ ಆಡಿಸುತ್ತ ಕುಳಿತೆ.

ಆಮೇಲೆ ದೊಡ್ಡ ಹುಣಸೆಮರಗಳ ಬುಡದಲ್ಲಿ, ಚಕ್ಕಡಿ ನಿಲ್ಲಿಸಿದ್ದಲ್ಲಿ, ಆ ಹುಡುಗ ನನ್ನ ಹತ್ತಿರ ಬಂದ. ಅಳುಮೋರೆ.

“ಅಣ್ಣಾ, ಸಿಟ್ಟಾಗಬ್ಯಾಡ. ಮಾಸ್ತರ್ರು ಹೇಳಿದ್ರು, ನೀ ಬಿದ್ದಲ್ಲಿ ಹಿಡಿ ಅಂತ.”

“ನಾ ಬೀಳ್ತೇನಿ ಅಂತ ಅವರಿಗೆ ಹೆಂಗ ಗೊತ್ತ?”

“ನೀ ಕರಿ ಮೂರರಾಗ ಹಾಡತಿದ್ದಿಯಲ್ಲ. ತಾಲೀಮಿನಾಗ ನಿನ್ನ ಸಲುವಾಗಿ ನಡುವಿನ ಬಿಳಿ ಪಟ್ಟಿ ಸೇರಿ ಎರಡು ಪಟ್ಟಿ ಕೆಳಗ ಹಿಡೀತಿದ್ರು. ನಾ ಬಾಜೂಕ ಕುಂತು ದಿನಾ ನೋಡತಿದ್ದೆ. ನಿನಗ ಹೇಳಬ್ಯಾಡ ಅಂದಿದ್ರು. ನೀ ಹೋದ ಮ್ಯಾಲೆ ನನಗ ಕರಿ ನಾಕರಾಗ ಹೇಳಸ್ತಿದ್ರು.”

ಮಜ್ಜಿಗೆ ನಿಂತದ್ದಕ್ಕೆ ದನಿ ಬಂದಿರಲಿಲ್ಲ. ಪೆಟ್ಟಿಗೆ ಇಳಿದಿತ್ತು. ನನ್ನ ಬೆನ್ನ ಹಿಂದೆ.

ಮಾಸ್ತರರು ಎಲೆಯಡಿಕೆ ಹಾಕಿಕೊಂಡು ಬಂದರು. ನಾನು ಕೇಳಿದೆ, “ಮಜ್ಜಿಗಿ ಮಾತು ಯಾಕ ಹುಟ್ಟಸಿದ್ರಿ?”

ಅವರು ಎತ್ತಿನ ಕೊರಳ ಹಗ್ಗ ಸರಿಮಾಡಿದರು. “ಒಡದೈತಿ ಅಂದಿದ್ರ ನೀ ಅವತ್ತ ಬಾಯಿ ಮುಚ್ಚತಿದ್ದಿ. ಸವಣೂರಿಗೆ ನಾ ಯಾರನ್ನ ತರಲಿ? ನಿನ್ನ ಹೆಸರೂ ಉಳಿಸಿದೆ, ಮೇಳಾನೂ ಉಳಿಸಿದೆ.”

“ನಮ್ಮವ್ವನ ಹೆಸರು?”

“ಹೆಂಗಸರ ಮಾತು ನಾಕ ದಿನ ಇರ್ತಾವು ತಮ್ಮಾ.”

“ನನಗ ಪೆಟ್ಟಿಗಿ ಕಲಸೋ ಮಾತು?”

“ಮುಂದ ನೋಡೋಣು.”

ನಾನು ಚಕ್ಕಡಿ ಹತ್ತಲಿಲ್ಲ. ಸವಣೂರಿನಿಂದ ಬಂಕಾಪುರದ ತನಕ ನಡೆದೆ, ಅಲ್ಲಿ ಅರಳೆ ಹೇರಿಕೊಂಡು ಹೊರಟ ಗಾಡಿಯವನೊಬ್ಬ ಕೂಡಿಸಿಕೊಂಡ. ಮರುದಿನ ಹೊತ್ತು ಇಳಿಯುವಾಗ ಮನೆ ಮುಟ್ಟಿದೆ. ಅಪ್ಪ ಇರಲಿಲ್ಲ. ಅವ್ವ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಎಲ್ಲ ಹೇಳಿದೆ. ಮೊರದ ಮೇಲೆ ಆಡುತ್ತಿದ್ದ ಅವಳ ಕೈ ನಿಲ್ಲಲಿಲ್ಲ.

“ನಿಮ್ಮಣ್ಣಗೋಳ ದನಿ ಒಡದಿದ್ದು ನಾ ಕೇಳಿಲ್ಲೇನು? ಶಿಗ್ಗಾಂವಿಯಿಂದ ನೀ ಬಂದ ದಿನಾನ ನನಗ ಗೊತ್ತಾತು.”

“ಮತ್ತ ಹೇಳಲಿಲ್ಲಲ್ಲ.”

“ನಿಮ್ಮಪ್ಪಗ ಹೇಳಿದೆ. ಅವಗೂ ಗೊತ್ತಿತ್ತು, ಮಾಸ್ತರ್ರು ಹಿತ್ತಲದಾಗ ಹೇಳಿದ್ರಂತ. ಸವಣೂರು ಮುಗಿಯೂತನಕ ಬಾಯಿ ಮುಚ್ಚಿಕೊಂಡಿರು, ಹುಡುಗನ ಕೈಗೆ ಮೇಳ ಬರೂದೈತಿ ಅಂದ.” ಒಂದು ಹರಳು ಆರಿಸಿ ಒಗೆದಳು. “ನಿನಗ ಹೇಳಿದ್ರ ನೀ ನಂಬತಿದ್ದಿ?”

ನಂಬುತ್ತಿರಲಿಲ್ಲ. ಮಾಸ್ತರರು ಹೊರಗಿನವರು. ಅಪ್ಪ ಎರಡು ತಿಂಗಳು ನನ್ನೆದುರು ಒಣ ರೊಟ್ಟಿ ಮುರಿಯುತ್ತ, ಅವ್ವ ಬೈಸಿಕೊಳ್ಳುವುದನ್ನು ನೋಡುತ್ತ ಕುಳಿತಿದ್ದ. ಆ ದಿನದಿಂದ ನಾನು ಅಪ್ಪನ ಪಂಕ್ತಿಯಲ್ಲಿ ಕುಳಿತು ಉಣ್ಣಲಿಲ್ಲ. ಮುಂದಿನ ವಾರವೇ ಗೌಂಡಿಯೊಬ್ಬನ ಕೈಕೆಳಗೆ ಕಲ್ಲು ಹೊರಲು ಹೋದೆ. ದೊಡ್ಡ ದನಿ ಬರಲಿಲ್ಲ. ಒಡೆದ ಮೇಲೂ ಎರಡು ತಿಂಗಳು ಎಳೆದದ್ದಕ್ಕೋ ಏನೋ, ಬಂದದ್ದು ಈ ಉಸುಕು ಅರೆದಂಥ ದನಿ. ಪೆಟ್ಟಿಗೆಯನ್ನು ಕೇಳಲು ನಾನು ಹೋಗಲಿಲ್ಲ, ಅವರು ಕರೆಯಲೂ ಇಲ್ಲ.

ಸವಣೂರಿನಿಂದ ಮನೆ ಮುಟ್ಟಿದ ಆ ಸಂಜೆಯದು ಇನ್ನೊಂದು ಮಾತು ಉಳಿದಿದೆ. ನಾನು ಜಂತಿಯಿಂದ ಕಡಗೋಲು ಇಳಿಸಿದೆ. ಅವ್ವ ನೋಡಿ, “ಅದನ್ನೇನ ಮಾಡತಿ, ಮನ್ಯಾಗ ಹೆಪ್ಪ ಇಲ್ಲ,” ಎಂದಳು. ಹೌದು, ಹಾಲು ಹೆಪ್ಪುಗಟ್ಟಬೇಕಾದರೆ ಒಂದು ಚಮಚ ಹಳೆಯ ಮೊಸರು ಬೇಕು. ಎರಡು ತಿಂಗಳಲ್ಲಿ ಅದರ ಬೀಜವೇ ನಮ್ಮ ಮನೆಯಲ್ಲಿ ತೀರಿತ್ತು. ದೀಪ ಹಚ್ಚಿದ ಮೇಲೆ ಯಾರೂ ಹೆಪ್ಪು ಕೊಡುವುದಿಲ್ಲ. ಬಟ್ಟಲು ತೆಗೆದುಕೊಂಡು, ಹೊತ್ತು ಮುಳುಗುವ ಮೊದಲು, ಎದುರು ಮನೆಗೆ ಹೋದೆ. ಬಾವಿಕಟ್ಟೆಯಲ್ಲಿ ಅವ್ವನನ್ನು ಕೇಳುತ್ತಿದ್ದ ಹೆಂಗಸರಲ್ಲಿ ಒಬ್ಬಳ ಮನೆ. ಅವಳ ಅಂಗಳದಲ್ಲಿ ಇನ್ನೂ ಮೂವರು ಕುಳಿತಿದ್ದರು.

“ಏನೋ ಹಾಡಾಂವ, ಹೆಪ್ಪ ಕೇಳಾಕ ನೀನ ಬಂದಿ? ಗಂಟಲಾ ಕೆಟ್ಟೀತು, ಜ್ವಾಕಿ.”

“ಕೆಡಾಕ ಏನೂ ಉಳದಿಲ್ಲ ಚಿಗವ್ವಾ,” ಎಂದೆ. “ನನಗ ವಯಸ್ಸು ಬಂತು, ದನಿ ಒಡೀತು. ನಮ್ಮವ್ವ ಮಜ್ಜಿಗಿ ಹಾಕಿಲ್ಲ. ಆಕಿ ಮ್ಯಾಲೆ ಸುಳ್ಳ ಮಾತ ಅಂದಾಂವ ನಾನ.”

ಹೇಳುವಾಗ ದನಿ ಎರಡು ಸಲ ಜಾರಿತು. ಕುಳಿತವರಲ್ಲಿ ಒಬ್ಬಳು ಸೆರಗು ಬಾಯಿಗೆ ಒತ್ತಿ ನಕ್ಕಳು. ನಾನು ನಿಂತೇ ಇದ್ದೆ. ಚಿಗವ್ವ ನಗಲಿಲ್ಲ. ಒಳಗೆ ಹೋಗಿ ಬಟ್ಟಲಿನ ತಳದಲ್ಲಿ ಒಂದಿಷ್ಟು ಮೊಸರು ಹಾಕಿ ತಂದುಕೊಟ್ಟಳು. ಚೆಲ್ಲಬಾರದೆಂದು ಎರಡೂ ಕೈಯಲ್ಲಿ ಹಿಡಿದು ಓಣಿ ದಾಟಿದೆ. ಅವ್ವ ಹಾಲು ಕಾಸಿ ಬೆರಳದ್ದಿ ನೋಡುತ್ತಿದ್ದಳು.