ಕೂಗದೆ ಎಸೆದ ತಟ್ಟೆ

ಕೂಗಬೇಕಾದ ಹೊತ್ತಿನಲ್ಲಿ ನಾನು ಕೂಗಲಿಲ್ಲ. ತಟ್ಟೆ ಎಸೆದವಳು ನಾನೇ. ಅದು ಎತ್ತ ತಿರುಗುತ್ತಿದೆ ಎಂದು ಮೊದಲು ಕಂಡವಳೂ ನಾನೇ. ಬಾಯಿ ಮಾತ್ರ ತೆರೆಯಲಿಲ್ಲ. ಅದು ಹೋಗಿ ನನ್ನ ಅಕ್ಕನ ಎಡಗಣ್ಣಿಗೆ ಬಡಿಯಿತು. ಪುಣೆಗೆ ಹೋಗಿ ಏನು ಕಲಿತೆ ಎಂದು ಊರಿನವರು ಕೇಳುತ್ತಾರೆ. ಎಲ್ಲಕ್ಕಿಂತ ಚೆನ್ನಾಗಿ ಕಲಿತದ್ದು ಬಾಯಿ ಮುಚ್ಚಿಕೊಳ್ಳುವುದನ್ನು.

ಶಹಾಪುರದ ಕಡೆಯಿಂದ ಬಂದು, ಪುಣೆಯ ಖರಾಡಿಯಲ್ಲಿ ಸೊಸೈಟಿ ಎಂದು ಕರೆಯುವ ದೊಡ್ಡದೊಂದು ಅಪಾರ್ಟ್‌ಮೆಂಟ್ ವಠಾರದಲ್ಲಿ ತೋಟದ ಕೆಲಸಕ್ಕೆ ನಿಂತ ಮೊದಲ ಬೆಳಗ್ಗೆ ಬೇಲಿ ಗಿಡಗಳ ಬುಡದಲ್ಲಿ ಕುಳಿತು ಕಳೆ ಕೀಳುತ್ತಿದ್ದೆ. ತಲೆಯ ಮೇಲಿಂದ ಹಸಿರು ತಟ್ಟೆಯೊಂದು ಸುಂಯ್ ಎಂದು ಹಾರಿಹೋಯಿತು. ಹೆದರಿ ಹಿಂದೆ ನೋಡಿದರೆ ತಲೆ ನೆರೆತ ಗಂಡಸೊಬ್ಬರು ಚಡ್ಡಿ ತೊಟ್ಟು, ಕೈ ಚಾಚಿಕೊಂಡೇ ನಿಂತಿದ್ದರು. ದೂರದಲ್ಲಿ ಒಂದು ಕಬ್ಬಿಣದ ಕಂಬ, ಅದರಿಂದ ಇಳಿಬಿದ್ದ ಸರಪಳಿಗಳು, ಕೆಳಗೊಂದು ಬುಟ್ಟಿ. ಹಕ್ಕಿ ಓಡಿಸುತ್ತಿದ್ದಾರೆ ಎಂದುಕೊಂಡೆ. ಆದರೆ ಅಲ್ಲಿ ಬೆಳೆಯೂ ಇರಲಿಲ್ಲ, ಹಕ್ಕಿಯೂ ಇರಲಿಲ್ಲ.

ಪಕ್ಕದಲ್ಲೇ ಕಳೆ ಕೀಳುತ್ತಿದ್ದ ಅಕ್ಕ ಶರಣಮ್ಮ ತಲೆ ಎತ್ತದೆ ಹೇಳಿದಳು: "ಅದು ಆಟ. ಡಿಸ್ಕ್ ಗೋಲ್ಫ್ ಅಂತಾರ. ಆ ತಾಟು ಬುಟ್ಯಾಗ ಬೀಳಬೇಕು. ಊರಾಗ ತಾಟು ಒಗದಿದ್ರ ಅತ್ತಿ ಕೈ ಮುರೀತಿದ್ಲು, ಇಲ್ಲಿ ಚಪ್ಪಾಳಿ ಹೊಡೀತಾರ."

ಅಕ್ಕ ನನಗಿಂತ ಬಹಳ ಮೊದಲೇ ಬಂದವಳು. ಗಂಡನ ಮನೆಯಲ್ಲಿ ನನಗೆ ನೆಲೆ ಇಲ್ಲವಾದಾಗ ಬಾ ಎಂದು ಕರೆದವಳು ಅವಳೊಬ್ಬಳೇ. ಹಳೆಯ ಖರಾಡಿ ಊರಿನ ಓಣಿಯಲ್ಲಿ ಅವಳದೊಂದು ಖೋಲಿ ಇತ್ತು. ಇಲ್ಲಿ ಬಾಡಿಗೆಯ ಒಂಟಿ ಕೋಣೆಗೆ ಹಾಗೆನ್ನುತ್ತಾರೆ. ತಗಡಿನ ಮಾಳಿಗೆ, ಹಿಂಬದಿಗೆ ನಾಲ್ಕು ಮನೆಗೆ ಸೇರಿ ಒಂದೇ ನಲ್ಲಿ. ನಮ್ಮೂರಿನಲ್ಲಿ ಬಾಗಿಲು ತೆರೆದರೆ ಹೊಲ ಕಾಣುತ್ತದೆ. ಇಲ್ಲಿ ಬಾಗಿಲು ತೆರೆದರೆ ಎದುರು ಮನೆಯವರ ಗ್ಯಾಸ್ ಸಿಲಿಂಡರ್. ಮೊದಲ ತಿಂಗಳು ನನಗೆ ಎಲ್ಲದರದೂ ಭಯವೇ. ಲಿಫ್ಟಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಭಯ, ಹಡಪಸರದ ಸಂತೆಗೆ ಹೋದರೆ ರಸ್ತೆ ದಾಟುವ ಭಯ, ಗೇಟಿನಲ್ಲಿ ಹೆಸರು ಕೇಳಿದರೆ ತಪ್ಪು ಹೇಳುವ ಭಯ. ಆ ಹಡಪಸರದ ಸಂತೆಯಲ್ಲೇ ಒಂದು ದಿನ ಪುಂಡಿ ಪಲ್ಯ ಕಂಡೆ. ಅವರು ಅದನ್ನು ಅಂಬಾಡಿ ಎನ್ನುತ್ತಾರೆ. ಹೆಸರು ಬೇರೆ, ಹುಳಿ ಅದೇ. ಅಂದು ರೊಟ್ಟಿಯ ಜೊತೆ ಅದನ್ನು ತಿಂದು ಅಕ್ಕ ತಂಗಿ ಇಬ್ಬರೂ ಗೆದ್ದವರ ಹಾಗೆ ನಕ್ಕೆವು.

ಮಾತಿನದೇ ದೊಡ್ಡ ಕಷ್ಟ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹುಲ್ಲುಹಾಸಿನ ಈ ತುದಿಯಿಂದ ಆ ತುದಿಯಲ್ಲಿದ್ದ ಅಕ್ಕನಿಗೆ ನೀರು ಬಂದ್ ಮಾಡು ಎಂದು ಕೂಗಿದೆ. ನಮ್ಮ ಕಡೆ ಅದು ಕೂಗೇ ಅಲ್ಲ, ಮಾತು. ಮೇಲೆ ಯಾವುದೋ ಮಹಡಿಯ ಕಿಟಕಿ ತೆರೆಯಿತು. ತುಸು ಹೊತ್ತಿಗೆ ಸೂಪರ್‌ವೈಜರ್ ಜಾಧವ ಬಂದರು. ಅವರು ದಿನಾ ದೌಂಡದಿಂದ ರೈಲಿನಲ್ಲಿ ಬರುವವರು, ಕೆಟ್ಟವರೇನಲ್ಲ. ನಗುತ್ತಲೇ, "ಮಾವಶಿ, ಹೇ ಶೇತ್ ನಾಹೀ. ಆವಾಜ್ ಕಮೀ," ಎಂದರು. ಮಾವಶಿ ಎಂದರೆ ಚಿಕ್ಕಮ್ಮ, ಇದು ಹೊಲ ಅಲ್ಲ, ದನಿ ತಗ್ಗಿಸು ಎಂದು ಅಕ್ಕ ಬಿಡಿಸಿ ಹೇಳಿದಳು. ತನ್ನದೂ ಒಂದು ಮಾತು ಸೇರಿಸಿದಳು: "ನಿಂಗೀ, ಇಲ್ಲಿ ಬಾಯಿ ಸಣ್ಣದು ಮಾಡ್ಕೋ. ಬಾಯಿ ದೊಡ್ಡದಿದ್ದವ್ರು ಎಲ್ಲಾರೂ ವಾಪಸ್ ಊರಿಗೆ ಹೋಗ್ಯಾರ."

ವಾಪಸ್ ಹೋಗಲು ನನಗೆ ಮನೆ ಇರಲಿಲ್ಲ. ಆದ್ದರಿಂದ ಬಾಯಿ ಸಣ್ಣದು ಮಾಡಿಕೊಂಡೆ. ಎಷ್ಟು ಸಣ್ಣದೆಂದರೆ, ಫೋನಿನಲ್ಲಿ ಅವ್ವ "ಜ್ವರ ಬಂದಾವೇನ?" ಎಂದು ಕೇಳತೊಡಗಿದಳು.

ಬೇಲಿಯಲ್ಲಿ ಸಿಕ್ಕಿಕೊಂಡ ತಟ್ಟೆಗಳನ್ನು ಹೆಕ್ಕಿ ಕೊಡುವುದೂ ನಮ್ಮ ಕೆಲಸವೇ. ಒಂದು ದಿನ ನಡೆದು ಹೋಗಿ ಕೊಡುವ ಬದಲು ಎಸೆದುಬಿಟ್ಟೆ. ಅದು ತೂಗಾಡುತ್ತ ಹೋಗಿ ರೂಪಾ ಮೇಡಮ್ಮರ ಕಾಲಬಳಿ ಬಿತ್ತು. ರೂಪಾ ಮೇಡಮ್ ಬೆಂಗಳೂರಿನವರು, ಅಲ್ಲೇ ಪಕ್ಕದ ಆಫೀಸಿನಲ್ಲಿ ಕೆಲಸ, ಆಟ ನಡೆಸುವವರು ಅವರೇ. ಬೈಯುತ್ತಾರೆ ಎಂದುಕೊಂಡರೆ ಅವರು ಕನ್ನಡದಲ್ಲಿ ಕೇಳಿದರು, ಎಲ್ಲಿ ಕಲಿತಿರಿ ಎಂದು. ಜೋಳದ ಹೊಲದಲ್ಲಿ ಕವಣೆ ಬೀಸಿದ ಕೈ ಇದು ಎಂದೆ. ಅವರಿಗೆ ಭಾರೀ ಖುಷಿಯಾಯಿತು. ಅಂದಿನಿಂದ ಆಟ ಮುಗಿದ ಮೇಲೆ ನನಗೂ ಎಸೆಯಲು ಹೇಳಿಕೊಡತೊಡಗಿದರು.

ಕವಣೆಯ ಕೈ ಉಪಯೋಗಕ್ಕೆ ಬರಲಿಲ್ಲ. ಕವಣೆ ತಲೆಯ ಮೇಲೆ ತಿರುಗುತ್ತದೆ, ಇದನ್ನು ಎದೆಗೆ ಅಡ್ಡಲಾಗಿ ಎಳೆಯಬೇಕು. ಬಲಗೈಯನ್ನು ಎಡಬದಿಗೆ ಹಿಂದಕ್ಕೊಯ್ದು, ಮೊದಲು ಸೊಂಟ ತಿರುಗಿಸಿ, ಆಮೇಲೆ ಭುಜ, ಕೊನೆಗೆ ಮಣಿಕಟ್ಟು. ಹಿಡಿತ ಬಿಗಿ ಇರಬೇಕು, ತೋಳು ಸಡಿಲ ಇರಬೇಕು. ನಾನು ಮಾಡುತ್ತಿದ್ದದ್ದು ಅದರ ತಿರುವುಮುರುವು.

ತಟ್ಟೆಗಳಲ್ಲೂ ಜಾತಿಗಳಿವೆ. ಬುಟ್ಟಿಯ ಹತ್ತಿರ ಹಾಕಲು ದಪ್ಪ ಅಂಚಿನದು. ಅತಿ ದೂರಕ್ಕೆ ಚಾಕುವಿನಂಥ ಹರಿತವಾದ, ಅಗಲ ಅಂಚಿನದು, ಅದಕ್ಕೆ ತೋಳಿನಲ್ಲಿ ವೇಗ ಬೇಕು. ಎರಡರ ನಡುವಿನದು ಫೇರ್‌ವೇ ಡ್ರೈವರ್. ಮೇಡಮ್ ಅಂಥವೇ ಎರಡು ನನ್ನ ಮುಂದಿಟ್ಟರು, ಒಂದು ಹೊಸದು, ಕೆಂಪು, ಇನ್ನೊಂದು ಗೀರುಬಿದ್ದ ಹಳೆಯ ನೀಲಿ. ಮೇಲೆ ನಾಲ್ಕು ಅಂಕಿಗಳಿದ್ದವು. ಏಳನೆಯ ತರಗತಿಗೆ ಶಾಲೆ ಬಿಟ್ಟವಳಿಗೆ ಅಂಕಿ ಓದಲು ಬರುತ್ತದೆ, ಅರ್ಥ ಅವರೇ ಹೇಳಿದರು: ಎಷ್ಟು ವೇಗ ಬೇಡುತ್ತದೆ, ಎಷ್ಟು ಹೊತ್ತು ತೇಲುತ್ತದೆ, ನಡುವೆ ಎಷ್ಟು ಬಲಕ್ಕೆ ವಾಲುತ್ತದೆ, ಕೊನೆಗೆ ಎಷ್ಟು ಎಡಕ್ಕೆ ಬೀಳುತ್ತದೆ.

"ನೀವು ನೀಲಿ ತಗೊಳ್ಳಿ ನಿಂಗಮ್ಮ," ಎಂದರು. "ಹಗುರ ಇದೆ, ಹಳೇದಾಗಿರೋದ್ರಿಂದ ಸ್ಟ್ರೇಟ್ ಹೋಗುತ್ತೆ. ಕೆಂಪು ಇನ್ನೂ ಸ್ಟಿಫ್. ನಿಮ್ಮ ಸ್ಪೀಡಿಗೆ ಕೊನೇಲಿ ಜೋರಾಗಿ ಎಡಕ್ಕೆ ಎಳೆಯುತ್ತೆ. ಆಮೇಲೆ ಎಸೆಯೋ ಮುಂಚೆ ನೋಡ್ಬೇಕು. ಯಾರಾದ್ರೂ ದಾರೀಲಿದ್ರೆ ಫೋರ್ ಅಂತ ಕೂಗ್ಬೇಕು, ಹುಷಾರು ಅನ್ನೋಕೆ. ಅದು ಮೊದಲನೇ ರೂಲ್."

ಆ ನಿಯಮ ನನಗೆ ಹೊಸದಾಗಿರಲಿಲ್ಲ. ಜೋಳ ಹಾಲುಗಾಳಾದಾಗ ಅಕ್ಕನೂ ನಾನೂ ಹೊಲದ ನಡುವಿನ ಮಂಚಿಕೆ ಏರಿ ಹಕ್ಕಿ ಕಾಯುತ್ತಿದ್ದೆವು. ಆಳೆತ್ತರದ ಬೆಳೆ, ಒಳಗೆ ಯಾರಿದ್ದಾರೋ ಕಾಣದು. ಕವಣೆಯಿಂದ ಕಲ್ಲು ಬಿಡುವ ಮೊದಲು "ಹೋಯ್" ಎಂದು ಕೂಗಬೇಕು. ಕೇಳಿದವರು ಇದ್ದಲ್ಲೇ ಕುಕ್ಕರಗಾಲಲ್ಲಿ ಕೂರಬೇಕು. ಕೂಗದೆ ಕಲ್ಲು ಬಿಟ್ಟವರಿಗೆ ಅಂದು ಅಪ್ಪ ಬುತ್ತಿ ಬಿಚ್ಚಲು ಬಿಡುತ್ತಿರಲಿಲ್ಲ.

ಆ ಭಾನುವಾರ ಬೆಳಗ್ಗೆ ಸೊಸೈಟಿಯವರ ಪಂದ್ಯವಿತ್ತು. ಮಕ್ಕಳು, ಹೆಂಗಸರು, ಕುರ್ಚಿ ಹಾಕಿಕೊಂಡ ಮುದುಕರು. ಕೊನೆಯಲ್ಲಿ ಮೇಡಮ್ ನನ್ನನ್ನು ಕರೆದರು. ಇವರು ನಮ್ಮ ತಟ್ಟೆ ಹುಡುಕಿ ಕೊಡುವವರು, ಇವರದೂ ಒಂದು ಎಸೆತ ನೋಡಿ ಎಂದರು. ಚೀಲದಲ್ಲಿ ನೀಲಿಯೂ ಇತ್ತು, ಕೆಂಪೂ ಇತ್ತು. ಅಷ್ಟು ಜನರ ಮುಂದೆ ಗೀರುಬಿದ್ದ ಹಳೆಯದನ್ನು ಹಿಡಿಯಲು ನಾಚಿಕೆಯಾಗಿ ಕೆಂಪನ್ನು ತೆಗೆದೆ.

ಎಡಗಡೆ ಬೇಲಿಯ ಹತ್ತಿರ ಅಕ್ಕನ ಹಳದಿ ಸೆರಗು ನನಗೆ ಕಂಡಿತ್ತು. ಗಿಡದ ಕಡೆ ಮುಖಮಾಡಿ ಬಗ್ಗಿ ನಿಂತು ಕಳೆ ಕೀಳುತ್ತಿದ್ದಳು. ಅಲ್ಲಿಯವರೆಗೆ ಹೋಗಲಾರದು ಎಂದುಕೊಂಡೆ.

ತಟ್ಟೆ ಕೈಬಿಟ್ಟಿತು. ಅದುವರೆಗೆ ಒಂದು ಸಲವೂ ಅಷ್ಟು ಚೆನ್ನಾಗಿ ಎಸೆದಿರಲಿಲ್ಲ. ಅಲುಗಾಡದೆ ನೇರ ಹೋಯಿತು. ಜನ ಚಪ್ಪಾಳೆ ಶುರುಮಾಡಿದರು, ಎಲ್ಲರ ಕಣ್ಣೂ ಬುಟ್ಟಿಯ ಮೇಲೆ. ಆಮೇಲೆ ಅದರ ವೇಗ ತಗ್ಗಿತು, ಎಡ ಅಂಚು ಕೆಳಗಾಯಿತು, ಬೇಲಿಯ ಕಡೆಗೆ ಹೊರಳಿತು. ಕವಣೆಯ ಕಲ್ಲು ಕಣ್ಣಿಗೆ ಕಾಣುವುದಿಲ್ಲ. ಇದು ಪೂರ್ತಿ ಕಾಣುತ್ತಿತ್ತು. "ಹೋಯ್" ಎನ್ನಲು ಬೇಕಾದಷ್ಟು ಹೊತ್ತಿತ್ತು. ಗಂಟಲಿನವರೆಗೆ ಬಂತು. ಅಲ್ಲಿ ಮಹಡಿಯ ಕಿಟಕಿ ನೆನಪಾಯಿತು, ಜಾಧವರು ನಿಂತಿದ್ದರು, ಇಷ್ಟು ಜನ ಈಗಷ್ಟೇ ನನ್ನನ್ನು ಮೆಚ್ಚುತ್ತಿದ್ದರು. ನಿಜ ಹೇಳುತ್ತೇನೆ, ಇಂಥ ಜನರೆದುರು ಹಳ್ಳಿಯವಳ ಹಾಗೆ ಅರಚಲು ನನಗೆ ಹೆದರಿಕೆಯಾಯಿತು. ಸದ್ದು ಕೇಳಿಯೋ ಏನೋ, ಅಕ್ಕ ತಿರುಗಿ ನೋಡಿದಳು. ಅದೇ ಹೊತ್ತಿಗೆ ಬಡಿಯಿತು.

ಓಡಿ ಹೋದಾಗ ಅಕ್ಕ ಅಂಗೈಯನ್ನು ಕಣ್ಣಿಗೆ ಒತ್ತಿ ಹಿಡಿದಿದ್ದಳು. ಅಳುತ್ತಿರಲಿಲ್ಲ. ಅವಳಿಗೂ ಸದ್ದು ಮಾಡದಿರುವುದು ಅಭ್ಯಾಸವಾಗಿತ್ತು. ಜಾಧವರು ಬಂದು ಹೇಗಾಯಿತು ಎಂದು ಕೇಳಿದರು. ನನ್ನ ಮರಾಠಿ ಆಗಲೂ ಹರಕುಮುರುಕು, ಆದರೆ ಅಂದು ಒಂದು ವಾಕ್ಯ ತಪ್ಪಿಲ್ಲದೆ ಬಂತು.

"ತೀ ಮಧ್ಯೇ ಆಲೀ," ಎಂದೆ. ಅವಳು ನಡುವೆ ಬಂದಳು.

ಅಕ್ಕ ಇನ್ನೊಂದು ಕಣ್ಣಿನಿಂದ ನನ್ನನ್ನು ನೋಡಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣೊಳಗೆ ರಕ್ತ ತುಂಬಿದೆ ಎಂದರು. ತಲೆ ಎತ್ತರಿಸಿ ಮಲಗಬೇಕು, ಬಗ್ಗಬಾರದು. ರಕ್ತ ಇಳಿದ ಮೇಲೆಯೇ ಕಾಣುತ್ತದೋ ಇಲ್ಲವೋ ಗೊತ್ತಾಗುವುದು. ಆ ದಿನಗಳಲ್ಲಿ ಪಟ್ಟಿ ಬಿಚ್ಚುವಾಗಲೆಲ್ಲ ನಾನು ಹೊರಗೆ ಹೋಗಿ ನಿಲ್ಲುತ್ತಿದ್ದೆ. ಊರಿನಲ್ಲಾಗಿದ್ದರೆ ಓಣಿಯೆಲ್ಲ ಬಂದು ಬೈದು, ಅತ್ತು, ಅನ್ನ ಹಾಕಿ ಹೋಗುತ್ತಿತ್ತು. ಇಲ್ಲಿ ಬೈಯುವವರೂ ಇರಲಿಲ್ಲ. ಅವ್ವನಿಗೆ ಫೋನಿನಲ್ಲಿ ಕಣ್ಣು ಬಂದಿದೆ, ಗುಣವಾಗುತ್ತದೆ ಎಂದಷ್ಟೇ ಹೇಳಿದೆ. ಅಕ್ಕನಿಗೆ ಗಂಜಿ ಕುಡಿಸುವಾಗ ತಪ್ಪು ನನ್ನದೆಂದು ಹೇಳಲು ಬಾಯಿ ತೆರೆದೆ. ಅವಳೇ ತಡೆದಳು.

"ಕೆಲಸ ಉಳೀತಲ್ಲ ನಿಂದು. ಬಿಡು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ರಕ್ತ ಇಳಿಯಿತು. ಎಡಗಣ್ಣಿಗೆ ಈಗ ಬೆಳಕು ಕಾಣುತ್ತದೆ, ಬಣ್ಣ ಕಾಣುತ್ತದೆ, ಮುಖ ಮಂಜು. ಕೆಲಸಕ್ಕೆ ಮರಳಿದ ಅಕ್ಕನಿಗೆ ಜಾಧವರು, ನಾಳೆಯಿಂದ ನೆಲಮಾಳಿಗೆಯ ಪಾರ್ಕಿಂಗ್ ಗುಡಿಸುವ ಕೆಲಸ ಎಂದರು. ಮೈದಾನದಲ್ಲಿ ನೋಡದೆ ಅಡ್ಡ ಬರುವವಳನ್ನು ಮತ್ತೆ ಅಲ್ಲೇ ಬಿಡಲು ತನಗೆ ಧೈರ್ಯವಿಲ್ಲ ಎಂಬುದು ಅವರ ಮಾತು. ಅಕ್ಕ, ಕೆಳಗೆ ಬೆಳಕು ಇರುತ್ತದೆಯೇ ಎಂದಷ್ಟೇ ಕೇಳಿದಳು. ಹೊಲದಲ್ಲಿ ಹುಟ್ಟಿ, ಈ ಊರಿನಲ್ಲೂ ಒಂದು ತುಂಡು ಮಣ್ಣನ್ನೇ ಹುಡುಕಿಕೊಂಡವಳು, ನನ್ನ ಒಂದು ವಾಕ್ಯದಿಂದ ನೆಲದಡಿಗೆ ಇಳಿಯಬೇಕಾಯಿತು.

ಅಂದೂ ಭಾನುವಾರವೇ. ಆಟ ಮತ್ತೆ ಶುರುವಾಗಿತ್ತು, ಈಗ ದಾರಿಯಲ್ಲಿ ಯಾರಿದ್ದರೂ ಇಲ್ಲದಿದ್ದರೂ ಕೂಗಿಯೇ ಎಸೆಯಬೇಕೆಂದು ಮೇಡಮ್ ಕಟ್ಟಪ್ಪಣೆ ಮಾಡಿದ್ದರು. ನನ್ನನ್ನು ಕರೆದು, ಎಲ್ಲರನ್ನೂ ಸರಿಸದೆ ಇದ್ದದ್ದು ತಮ್ಮ ತಪ್ಪು ಎಂದರು. "ಇವತ್ತು ಒಂದ್ಸಲ ಎಸೀರಿ ನಿಂಗಮ್ಮ. ಇಲ್ಲಾಂದ್ರೆ ಈ ಭಯ ಹೋಗಲ್ಲ," ಎಂದು ಚೀಲ ಮುಂದಿಟ್ಟರು. ಅವರ ತಪ್ಪಲ್ಲವೆಂದು ಹೇಳಲೂ ನನಗೆ ಬಾಯಿ ಬರಲಿಲ್ಲ.

ನೀಲಿಯನ್ನು ತೆಗೆದೆ. ಅದರ ಅಂಚಿನ ಗೀರುಗಳು ಬೆರಳಿಗೆ ಹತ್ತಿದವು. ಅಕ್ಕ ಅದೇ ಬೇಲಿಯ ಹತ್ತಿರ ನಿಂತು ಕಿತ್ತ ಕಳೆಯನ್ನು ಬುಟ್ಟಿಗೆ ತುಂಬುತ್ತಿದ್ದಳು, ಅಲ್ಲಿ ಅವಳಿಗೆ ಅದು ಕೊನೆಯ ದಿನ. ಎಡಗಡೆಯದನ್ನು ನೋಡಲು ಈಗ ತಲೆಯನ್ನೇ ಪೂರ್ತಿ ತಿರುಗಿಸುತ್ತಾಳೆ. ಜಾಧವರು ನೆರಳಿನಲ್ಲಿದ್ದರು. ಎಲ್ಲರೂ ನಾನು ಫೋರ್ ಎನ್ನುವುದನ್ನು ಕಾಯುತ್ತಿದ್ದರು.

"ಹೋಯ್!" ಎಂದೆ. ಎಷ್ಟು ವರ್ಷದ ಮೇಲೋ, ಹೊಟ್ಟೆಯಿಂದ ಬಂದ ದನಿ. ಗೋಡೆಗಳಿಗೆ ಬಡಿದು ತಿರುಗಿ ಬಂತು.

ಅಕ್ಕ ಯಾರು, ಎಲ್ಲಿ ಎಂದು ನೋಡಲಿಲ್ಲ. ಬುಟ್ಟಿ ಬಿಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

ಆ ದಿನವೂ ಅವಳು ಹೀಗೇ ತಗ್ಗುತ್ತಿದ್ದಳು. ನಾನು ಇಷ್ಟು ಮಾಡಿದ್ದರೆ ಸಾಕಿತ್ತು. ಎಸೆಯದೆ ತಟ್ಟೆಯನ್ನು ಇಳಿಸಿದೆ. ಊರಿಗೆ ಹೋದರೆ ನನ್ನ ದನಿ ಈಗ ಯಾರಿಗೂ ಕೇಳಿಸುವುದಿಲ್ಲ, ಇಲ್ಲಿ ಎಷ್ಟು ತಗ್ಗಿಸಿದರೂ ಇನ್ನೂ ಹೆಚ್ಚೇ. ನಾನು ಎಲ್ಲಿಯವಳು ಎಂದು ಆಗ ಗೊತ್ತಿರಲಿಲ್ಲ, ಈಗಲೂ ಇಲ್ಲ. ಮಾಡಿದ ತಪ್ಪು ಒಂದೇ ಆದರೂ ಅದನ್ನು ಎರಡು ಭಾಷೆಯಲ್ಲಿ ಹೇಳಬೇಕಿತ್ತು. ಮೊದಲು ಸುಳ್ಳು ಹೇಳಿದ ಭಾಷೆಯಲ್ಲಿ, ನೆರಳಿನ ಕಡೆ ತಿರುಗಿ, ಕಿಟಕಿಗಳೆಲ್ಲ ತೆರೆದರೆ ತೆರೆಯಲಿ ಎಂದು ಕೂಗಿದೆ: "ಜಾಧವ ಸಾಹೇಬ, ತೀ ಮಧ್ಯೇ ಆಲೀ ನವ್ಹತೀ!" ಅವಳು ನಡುವೆ ಬಂದಿರಲಿಲ್ಲ.

ಆಮೇಲೆ ಬೇಲಿಯ ಕಡೆಗೆ, ನಮ್ಮ ಮಾತಿನಲ್ಲಿ, ಅಷ್ಟೇ ದೊಡ್ಡ ದನಿಯಲ್ಲಿ:

"ಅಕ್ಕಾ, ನಾ ನಿನ್ನ ನೋಡಿದ್ದೆ. ನೋಡಿನೂ ಕೂಗಲಿಲ್ಲ. ತಪ್ಪು ನಿನ್ನ ಮ್ಯಾಲೇ ಹಾಕಿದೆ. ತಪ್ಪು ನಂದಽ ಅದ, ಅಕ್ಕಾ. ತಪ್ಪಾತು."