ಕಣ್ಣು ಬಿಡಿಸದ ಬುದ್ಧ

ಇವತ್ತು ಬೆಳಿಗ್ಗೆ ಕಿಟಕಿಯ ಬಳಿಯ ಕಲ್ಲು ಬುದ್ಧನನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ನೆಂದ ಕಲ್ಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಜಪಾನು ಮೇಷ್ಟ್ರು ನೆನಪಾದರು. ಅವರು ಜಪಾನು ಕಂಡವರಲ್ಲ ಅನ್ನಿ. ಮಾಲೂರು ದಾಟಿದ್ದೇ ಅಪರೂಪ. ಕೋಲಾರದ ನಮ್ಮ ಶಾಲೆಯಲ್ಲಿ ಅವರು ಚರಿತ್ರೆ ಹೇಳುತ್ತಿದ್ದರು, ನಾನು ಭೂಗೋಳ. ಇಬ್ಬರೂ ಒಂಟಿಗಳು. ಸಂಜೆ ಅವರ ಕೋಣೆಯಲ್ಲಿ ಹುರಿಗಡಲೆ ತಿನ್ನುತ್ತ ಏಳೆಂಟು ನೂರು ವರ್ಷದ ಹಿಂದಿನ ಜಪಾನಿನ ಕಥೆ ಕೇಳುವುದೇ ನನ್ನ ಸಂಸಾರ.

"ರಾಜ ಅರಮನೇಲೇ ಇದ್ದ ಕಣಯ್ಯಾ. ಆಳೋದು ಮಾತ್ರ ದೂರದೂರಿನ ಕತ್ತಿಯವರ ಕೈಗೆ ಹೋಯ್ತು" ಎನ್ನುತ್ತಿದ್ದರು. "ಅದೇ ಕಾಲಕ್ಕೆ ಒಬ್ಬ ಸನ್ಯಾಸಿ ಬೆಟ್ಟದ ಮಠ ಬಿಟ್ಟು ಇಳಿದು ಬಂದ. ಬೆಸ್ತರಿಗೂ ಬೇಟೆಯವರಿಗೂ, ಶಾಸ್ತ್ರ ಬೇಡ, ಅಮಿತಾಭ ಬುದ್ಧನ್ನ ಹೆಸರು ಹಿಡಿದು ಕರೀರಿ, ಸಾಕು ಅಂದ. ಅವನ್ನ ಗಡೀಪಾರು ಮಾಡಿದ್ರು." ಈ ಮಾತಿಗೆ ಬಂದಾಗಲೆಲ್ಲ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಆ ಬುದ್ಧನನ್ನು ಕಡೆದುಕೊಡಲು ಶಿವಾರಪಟ್ಟಣದ ಶಿಲ್ಪಿಯೊಬ್ಬರಿಗೆ ಹೇಳಿದರು. ವಿಗ್ರಹಕ್ಕೆ ಕಣ್ಣು ಬಿಡಿಸುವುದು ಕೊನೆಗೆ. ಆಗ ಮಾಡಿಸಿದವರ ಜೊತೆ ಅವರ ಕಡೆಯವರೊಬ್ಬರು ನಿಲ್ಲಬೇಕೆಂಬುದು ಆ ಶಿಲ್ಪಿಯ ಮನೆತನದ ಪದ್ಧತಿ. "ನಂಗೆ ಇನ್ಯಾರಿದ್ದಾರಯ್ಯಾ, ಭಾನುವಾರ ನೀನೇ ಬಾ" ಎಂದರು. ಹೂಂ ಎಂದೆ.

ಅದೇ ವಾರ ಜಪಾನಿನ ಸೇನೆ ಬ್ರಿಟಿಷರ ಕೈಯಿಂದ ರಂಗೂನು ಕಸಿದುಕೊಂಡ ಸುದ್ದಿ ಬಂತು. ನಗೆಗೆ ಇಟ್ಟ ಹೆಸರೇ ಮೇಷ್ಟ್ರಿಗೆ ಮುಳುವಾಯಿತು. "ಅವರ ಜೊತೆ ಓಡಾಡೋರ ಮೇಲೂ ಪೊಲೀಸರ ಕಣ್ಣಿದೆ ಕಣ್ರೀ" ಎಂದು ಶಾಲೆಯಲ್ಲಿ ಒಬ್ಬರು ಪಿಸುಗುಟ್ಟಿದರು. ಭೂಪಟದಲ್ಲಿ ಸಾಗರಗಳನ್ನೇ ದಾಟುತ್ತಿದ್ದ ನಾನು ಆ ಭಾನುವಾರ ಹೊಸ್ತಿಲು ದಾಟಲಿಲ್ಲ. ಆಮೇಲೆ ರಸ್ತೆಯಲ್ಲಿ ಎದುರಾದರೂ ಮಾತಾಡಿಸಲಿಲ್ಲ. ಅವರು ಮುಳಬಾಗಿಲಿಗೆ ವರ್ಗವಾಗಿ ಹೋದರು, ಅಲ್ಲೇ ತೀರಿಕೊಂಡರು.

ಎಷ್ಟೋ ವರ್ಷದ ಮೇಲೆ ಶಿವಾರಪಟ್ಟಣಕ್ಕೆ ಹೋಗಿ ಶಿಲ್ಪಿಗೆ ನನ್ನ ಹೆಸರು ಹೇಳಿದೆ. ಅವರು ಮೂಲೆಯಿಂದ ವಿಗ್ರಹ ಎತ್ತಿ ತಂದರು. ಕಣ್ಣಿನ ಜಾಗ ನುಣ್ಣಗಿತ್ತು.

"ಬೆಳಗಿಂದ ಸಂಜೆವರ್ಗೂ ಕಾದ್ರು ಸ್ವಾಮಿ. ನಮ್ಮೋರ್ನೇ ಯಾರನ್ನಾದ್ರೂ ನಿಲ್ಲಿಸ್ತೀನಿ ಅಂದೆ. ಬೇಡಪ್ಪಾ, ಅವನು ಬರ್ತಾನೆ ಅಂದ್ರು."

ಕಣ್ಣು ಬಿಡಿಸಿಕೊಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಹಾಗೆಯೇ ಹೊತ್ತು ತಂದೆ.

ಇವತ್ತು ಬಟ್ಟೆ ಕೆಳಗಿಟ್ಟು, ಆ ಮುಖ ನೋಡುತ್ತ "ಮೇಷ್ಟ್ರೇ" ಎಂದು ಕರೆದೆ. ಮನೆಯಲ್ಲಿ ಯಾರೂ ಇಲ್ಲದ್ದರಿಂದ ಯಾರೂ ನಗಲಿಲ್ಲ. ಈ ಭಾನುವಾರ ಬುದ್ಧನನ್ನು ಶಿವಾರಪಟ್ಟಣಕ್ಕೆ ಒಯ್ಯುತ್ತೇನೆ. ಆ ಶಿಲ್ಪಿಯ ಮಗ ಈಗಲೂ ಉಳಿ ಹಿಡಿಯುತ್ತಾನಂತೆ. ಮಾಡಿಸಿದವರ ಜಾಗದಲ್ಲಿ ನಾನು ನಿಲ್ಲಬಹುದು. ಜೊತೆಗೆ ಇನ್ನೊಬ್ಬರು ನಿಲ್ಲಬೇಕಲ್ಲ, ಇಷ್ಟು ಹೊತ್ತು ನನ್ನ ಕಥೆ ಕೇಳಿದ ನೀವು ಬರುತ್ತೀರಾ?