ಕೆರೆಗೆ ಇಳಿದ ಛತ್ರಿ ಸಿಪಾಯಿಗಳು

ಆ ಕಾಲದಲ್ಲಿ ಬ್ಯಾಡಗಿಯಲ್ಲಿ ಬೆಳೆದ ಮಕ್ಕಳಿಗೆಲ್ಲ ವರ್ಷವಿಡೀ ಮೂಗು ಸೋರುತ್ತಿತ್ತು. ಮೆಣಸಿನಕಾಯಿ ಸುಗ್ಗಿ ಮುಗಿದು ಎಷ್ಟೋ ತಿಂಗಳಾದರೂ ಘಾಟು ಮಾತ್ರ ಊರು ಬಿಟ್ಟು ಹೋಗುತ್ತಿರಲಿಲ್ಲ. ಹಾಸಿಗೆಯಲ್ಲಿ, ಪಾಟಿಚೀಲದಲ್ಲಿ, ಅವ್ವ ತಟ್ಟುವ ರೊಟ್ಟಿಯ ಹಿಟ್ಟಿನಲ್ಲಿ ಕೂಡ ಇರುತ್ತಿತ್ತು. ನೀವೂ ಆ ಕಡೆಯವರಾಗಿದ್ದರೆ ಆ ಸೀನಿನ ಸುಖ ಬಲ್ಲಿರಿ. ಅದರ ಬಗ್ಗೆ ನನ್ನ ತಕರಾರಿಲ್ಲ. ಇಂದಿಗೂ ನನಗೆ ವಾಕರಿಕೆ ತರಿಸುವ ವಾಸನೆಗಳು ಬೇರೆ: ಎಣ್ಣೆಬಣ್ಣ, ಗುಟ್ಕಾ, ಕೊಳೆತ ಚೆಂಡುಹೂವು. ಎಲ್ಲವೂ ಒಂದೇ ಗಣಪತಿ ಹಬ್ಬದಲ್ಲಿ ಮೂಗಿಗೆ ಹೊಕ್ಕವು, ಮತ್ತೆ ಹೊರಗೆ ಬರಲಿಲ್ಲ.

ನಾನಾಗ ಆರನೇ ಇಯತ್ತೆ. ಅವ್ವನ ತಮ್ಮ ಮಾಲತೇಶ ಮಾವ ಮೆಣಸಿನಕಾಯಿ ಲಾರಿಯ ಡ್ರೈವರು. ಮುಂಬೈಯಲ್ಲಿ ಚೀಲ ಇಳಿಸಿ ತಿರುಗಿ ಬರುವಾಗ ಅಲ್ಲಿಯ ಹಳೇ ಸಾಮಾನಿನ ಬಜಾರಿಗೆ ಹೋಗುವ ಚಟ ಅವನಿಗೆ. ಒಮ್ಮೆ “ನಿನಗೊಂದು ಗೊಂಬಿ ತಂದೇನಿ” ಎಂದ. ಜಡೆ ಹಾಕುವ ಗೊಂಬೆಯೇನೋ ಅಂದುಕೊಂಡೆ. ಪೇಪರು ಬಿಚ್ಚಿದರೆ ಸಿಪಾಯಿ!

“ಇಂವ ಇಮಾನದಿಂದ ಜಿಗಿಯೋ ಸಿಪಾಯಿ ಅಂತ. ನಮ್ಮ ಮುತ್ಯಾನ ಕಾಲದಾಗ ದೊಡ್ಡ ಯುದ್ಧ ಆತಲ್ಲ, ಆವಾಗ ಇವ್ರು ಛತ್ರಿ ಕಟಗೊಂಡು ವೈರಿ ಊರಾಗ ಇಳೀತಿದ್ರಂತ,” ಎಂದು ಅಂಗಡಿಯವನು ಹೇಳಿದ್ದನ್ನೆಲ್ಲ ಮಾವ ಒಪ್ಪಿಸಿದ.

ಒಂದು ಗೇಣಿಗಿಂತ ತುಸು ಉದ್ದ ಇದ್ದ. ಮೊಣಕಾಲು, ಮೊಣಕೈ, ಬೆರಳು ಕೂಡ ಮಡಚುತ್ತಿದ್ದವು. ತಲೆಯ ಮೇಲಿನ ಉಕ್ಕಿನ ಟೋಪಿಗೆ ಬಲೆ, ಗದ್ದದ ಕೆಳಗೆ ಅದನ್ನು ಬಿಗಿಯುವ ಪಟ್ಟಿ, ಪಟ್ಟಿಗೆ ಅಕ್ಕಿಕಾಳಿನಷ್ಟು ಬಕಲು. ತೊಡೆಯ ಮೇಲೆ ದೊಡ್ಡ ಕಿಸೆ. ಬೂಟಿನ ಲಾಡಿ ಖರೇ ಲಾಡಿ, ಬಿಚ್ಚಿ ಕಟ್ಟಬಹುದಿತ್ತು. ಕತ್ತಲಲ್ಲಿ ಕಾಣಬಾರದೆಂದು ಮುಖಕ್ಕೆ ಕಪ್ಪು ಬಳಿದುಕೊಂಡಿದ್ದ. ಅವನಿಗೆ ಕಾಡಿಗೆಪ್ಪ ಎಂದು ಹೆಸರಿಟ್ಟೆ.

ಆಮೇಲೆ ನನಗೆ ಹುಚ್ಚೇ ಹಿಡಿಯಿತು. ಮಾವ ಲಾರಿ ಹತ್ತುವ ಮುಂಚೆ ಯಾವ ಸಿಪಾಯಿ ಬೇಕೆಂದು ಹೇಳಿ ಕಳಿಸುತ್ತಿದ್ದೆ. ಅವನಿಗೆ ಸಿಕ್ಕಿದ್ದು ಬೇರೆ ಆಗಿರುತ್ತಿತ್ತು, ಆ ಮಾತು ಬೇರೆ. ಹೀಗೆ ಆರು ಮಂದಿ ಕೂಡಿದರು. ಒಬ್ಬನಿಗೆ ವಾರೆಯಾಗಿ ಇಡುವ ಕೆಂಪು ಟೋಪಿ, ಒಬ್ಬನಿಗೆ ಅಂಚಿಲ್ಲದ ಗುಂಡು ಟೋಪಿ. ಟೋಪಿ ನೋಡಿ ಯಾವ ದೇಶದವನೆಂದು ಹೇಳುವಷ್ಟು ಪಂಡಿತೆಯಾದೆ. ಮೂಲ ರೇಷ್ಮೆ ಛತ್ರಿ ಇದ್ದದ್ದು ಗುಂಡು ಟೋಪಿಯವನಿಗೆ ಮಾತ್ರ. ಉಳಿದವರಿಗೆ ಅವ್ವನ ಹಳೇ ಇಳಕಲ್ ಸೀರೆಯ ಸೆರಗಿನಿಂದ ನಾನೇ ಹೊಲಿದೆ. ಮಾಳಿಗೆಯಿಂದ ಬಿಟ್ಟರೆ ತೇಲುತ್ತ ಅಂಗಳಕ್ಕಿಳಿದು, ಒಣ ಹಾಕಿದ ಕಾಯಿಯ ಮೇಲೆ ಕೂರುತ್ತಿದ್ದರು. ಸಂಜೆ ಹಳೇ ಬ್ರಷ್ಷಿನಿಂದ ಅವರ ಕೀಲಿನೊಳಗಿನ ಖಾರದ ಧೂಳು ತೆಗೆದು ವಾಯರ್ ಬುಟ್ಟಿಯಲ್ಲಿ ಮಲಗಿಸುತ್ತಿದ್ದೆ.

“ಮಂದಿ ಹುಡುಗ್ಯಾರು ಅಡಗಿ ಆಟ ಆಡ್ತಾರ, ನಮ್ಮಾಕಿ ದಂಡು ಕಟ್ಯಾಳ,” ಎಂದು ಅವ್ವ ನಗುತ್ತಿದ್ದಳು. ಸೆರಗು ಕತ್ತರಿಸಿದ್ದಕ್ಕೆ ಮಾತ್ರ ಬೆನ್ನಿಗೆ ಗುದ್ದಿದ್ದಳು.

ಇನ್ನು ಈರಣ್ಣ ಕಾಕಾ. ಅಪ್ಪನ ತಮ್ಮ, ಪಕ್ಕದ ಮನೆಯಲ್ಲೇ ಇದ್ದ. ಓಣಿಯ ಗಣಪತಿ ಮಂಡಳಿಗೆ ಅಧ್ಯಕ್ಷ, ಬಾಯಿ ತುಂಬ ಗುಟ್ಕಾ. ಗಡಿಯಲ್ಲಿ ಯುದ್ಧ ಮುಗಿದು ಬಹಳ ಕಾಲವಾಗಿರಲಿಲ್ಲ. ಊರೂರಿನ ಗಣಪತಿಗಳೆಲ್ಲ ಮಿಲಿಟರಿ ಸೇರಿದ್ದವು. ಹಾವೇರಿಯಲ್ಲಿ ಗಣಪತಿ ಬಂದೂಕು ಹಿಡಿದಿದ್ದಾನೆ, ರಾಣೆಬೆನ್ನೂರಿನಲ್ಲಿ ತೋಪಿನ ಮೇಲೆ ಕೂತಿದ್ದಾನೆ ಎಂಬ ಸುದ್ದಿ ಬಂದದ್ದೇ ತಡ, ಕಾಕಾನಿಗೆ ಊಟ ಸೇರದಂತಾಯಿತು. ನಮ್ಮ ಪಡಸಾಲೆಗೆ ಬಂದು ಕೂತ.

“ಸವೀ, ನಿನ್ನ ಛತ್ರಿ ಸಿಪಾಯಿ ಕೊಡವಾ. ಗಣಪ್ಪನ ಮುಂದ ಯುದ್ಧ ತೋರಸ್ತೀವಿ. ಹಬ್ಬ ಮುಗದ ಕೂಡ್ಲೆ ಹೊಳ್ಳಿ ಕೊಡ್ತೀನಿ.”

“ಖರೇನ ಕೊಡ್ತೀರಿ ಕಾಕಾ?”

“ಗಣಪ್ಪನ ಆಣಿಗೂ ಕೊಡ್ತೀನಿ.”

ನಾನು ಬುಟ್ಟಿ ಎದೆಗವಚಿಕೊಂಡು ಅಪ್ಪನ ಮುಖ ನೋಡಿದೆ. “ದೇವರ ಕೆಲಸಕ್ಕ ಇಲ್ಲ ಅನಬಾರದು, ಕೊಡು,” ಎಂದ ಅಪ್ಪ. ಕೊಟ್ಟೆ.

ಗಣಪತಿ ಕೂಡಿಸಿದ ದಿನ ಪೆಂಡಾಲಿಗೆ ಓಡಿದೆ. ಸುಣ್ಣದ ನೀರಲ್ಲಿ ಅದ್ದಿದ ಗೋಣಿಚೀಲದ ಗುಡ್ಡ, ಅದರ ತುದಿಗೆ ಗಣಪತಿ. ಕೆಳಗೆ ನನ್ನವರು. ಮೂವರು ನಮ್ಮ ಸೈನ್ಯವಂತೆ: ಬೂಟು, ಬಕಲು, ಕಿಸೆ ಒಂದೂ ಕಾಣದ ಹಾಗೆ ಬಾಗಿಲಿಗೆ ಹಚ್ಚುವ ಹಸಿರು ಎಣ್ಣೆಬಣ್ಣ ಬಳಿದಿದ್ದರು. ಮೇಲೆ ಡಾಂಬರಿನ ಮೀಸೆ. ಉಳಿದ ಮೂವರು ವೈರಿಗಳು. ಗುಂಡು ಟೋಪಿಯವನನ್ನು ಛತ್ರಿ ಸಮೇತ ಕುತ್ತಿಗೆಗೆ ತಂತಿ ಸುತ್ತಿ ನೇತುಹಾಕಿದ್ದರು. ಕಾಡಿಗೆಪ್ಪ ಅಂಗಾತ ಬಿದ್ದಿದ್ದ. ಒಂದು ಕಾಲು ಕಿತ್ತು ಪಕ್ಕಕ್ಕೆ ಇಟ್ಟಿದ್ದರು. ಕಿತ್ತ ಜಾಗಕ್ಕೆ ಕೆಂಪು ಬಣ್ಣ ಸುರಿದಿದ್ದರು, ಅದು ಗಟ್ಟಿಯಾಗದೆ ಇನ್ನೂ ಇಳಿಯುತ್ತಿತ್ತು.

“ಕಾಕಾ, ಕಾಲ್ ಯಾಕ ಮುರದ್ರಿ?” ಎಂದೆ.

“ಯುದ್ಧ ಅಂದಮ್ಯಾಲ ಯಾರರ ಸಾಯಬೇಕಲ್ಲವಾ!”

ಮಂಡಳಿಯವರೆಲ್ಲ ಹೋ ಎಂದು ನಕ್ಕರು. ಕಾಕಾ ಗುಡ್ಡದ ಹಿಂದೆ ಪಿಚಕ್ಕೆಂದು ಉಗುಳಿ, ಅಂಗೈಯಿಂದ ತುಟಿ ಒರೆಸಿ, ಅದೇ ಕೈಯಿಂದ ಕರ್ಪೂರ ಹಚ್ಚಿದ. ಸೀಮೆಎಣ್ಣೆಯಲ್ಲಿ ತೊಳೆದರೆ ಬಣ್ಣ ಬಿಡುತ್ತದೆ, ಕಾಲು ಮಾವ ಜೋಡಿಸುತ್ತಾನೆ ಎಂದು ಅವ್ವ ಸಮಾಧಾನ ಹೇಳಿದಳು. ಹಬ್ಬ ಮುಗಿಯುವುದನ್ನೇ ಕಾಯುತ್ತ ಪ್ರತಿ ಸಂಜೆ ಆರತಿಗೆ ಹೋಗಿ ನಿಲ್ಲುತ್ತಿದ್ದೆ. ಜನ ಗಣಪತಿಗೆ ಎರಚಿದ ಕುಂಕುಮ, ಅಕ್ಷತೆ ನನ್ನವರ ಮೇಲೂ ಬೀಳುತ್ತಿತ್ತು.

ಗಣಪತಿ ಕಳಿಸುವ ದಿನ ವಾಯರ್ ಬುಟ್ಟಿ ಹಿಡಿದು ಎಲ್ಲರಿಗಿಂತ ಮೊದಲು ಹೋದೆ.

“ಅಯ್ಯ, ಅವು ಈಗ ಬರಂಗಿಲ್ಲವಾ,” ಎಂದ ಕಾಕಾ. “ದಿನಾ ಪೂಜಿ ಆಗೇತಿ. ದೇವರ ಮುಂದ ಕುಂತದ್ದು ದೇವರ ಜೋಡಿನ ನೀರಿಗೆ ಹೋಗಬೇಕು. ಮನಿಗೆ ಒಯ್ದ್ರ ಛಲೋ ಅಲ್ಲ.”

“ನೀವು ಆಣಿ ಮಾಡಿದ್ರಿ.”

“ಆಣಿ ಮಾಡಿದ್ದು ಗಣಪ್ಪಂದು, ಈಗ ಕೇಳಾಕತ್ತಂವನೂ ಗಣಪ್ಪನ. ನಾ ಏನ್ ಮಾಡ್ಲಿ?”

ಅಷ್ಟರಲ್ಲಿ ಮಂಡಳಿಯ ಹುಡುಗರು ಬಣ್ಣದ ದೀಪದ ಸರ ಬಿಚ್ಚಿ ಜೋಪಾನವಾಗಿ ಸುತ್ತುತ್ತಿದ್ದರು. ಮಖಮಲ್ಲಿನ ಪರದೆ ಮಡಚಿ ಕಾಕಾನ ಮನೆಗೆ ಹೋಯಿತು. ಸ್ಪೀಕರು, ಜಮಖಾನೆ ಎಲ್ಲ ಹೋದವು. ಅವೆಲ್ಲ ಯಾವ ದೇವರ ಮುಂದೆ ಇದ್ದವೋ ನಾನರಿಯೆ.

“ದೀಪದ ಸರಾ ಕೆರಿಗೆ ಬಿಡಂಗಿಲ್ಲೇನ್ರಿ ಕಾಕಾ? ಪರದೆ?”

“ಭಾಳ ಮಾತ ಕಲತಾಳ ಇಕಿ,” ಎಂದ ಕಾಕಾ, ಅಷ್ಟೊತ್ತಿಗೆ ಅಲ್ಲಿಗೆ ಬಂದಿದ್ದ ಅಪ್ಪನ ಕಡೆ ತಿರುಗಿ. ಅಪ್ಪ ನನ್ನ ರಟ್ಟೆ ಹಿಡಿದು ಮನೆಗೆ ಎಳೆದುಕೊಂಡು ಬಂದ. ಹುಡುಗಿಯರು ಕೆರೆಗೆ ಹೋಗುವಂತಿರಲಿಲ್ಲ. ಹಲಗೆ ಬಡಿತ, ಗುಲಾಲು, ಪಟಾಕಿಯ ಹೊಗೆಯ ನಡುವೆ ಟ್ರ್ಯಾಕ್ಟರು ಮನೆಯ ಮುಂದೆ ಹಾದು ಹೋಯಿತು. ಗಣಪತಿಯ ಕಾಲಡಿ ಗೋಣಿಚೀಲದ ಗುಡ್ಡ, ಅದಕ್ಕೆ ಅಂಟಿಕೊಂಡಂತೆಯೇ ನನ್ನ ಆರು ಮಂದಿ. ಕೈಮುಗಿ ಎಂದಳು ಅವ್ವ. ನಾನು ಮುಗಿಯಲಿಲ್ಲ.

ಮರುದಿನ ಮಾವ ಮೋಟೆಬೆನ್ನೂರಿನ ಹತ್ತಿರ ಹೈವೇಯಲ್ಲಿ ಲಾರಿ ನಿಲ್ಲಿಸಿ ಬಂದ. ಎಲ್ಲ ಕೇಳಿದ. ಅಕ್ಕನನ್ನು ಕೊಟ್ಟ ಮನೆ. ಅಲ್ಲಿ ಅವನು ದನಿ ಏರಿಸುವಂತಿಲ್ಲ. ಚಹಾ ಕೂಡ ಕುಡಿಯದೆ “ನಡಿ” ಎಂದು ನನ್ನನ್ನು ಅಪ್ಪನ ಸೈಕಲ್ಲಿಗೆ ಹತ್ತಿಸಿಕೊಂಡು ಕೆರೆಗೆ ಹೋದ.

ಆ ದಂಡೆ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅರ್ಧ ಕರಗಿದ ಹೊಟ್ಟೆಗಳು, ಸೊಂಡಿಲು ಕಳೆದುಕೊಂಡ ಮುಖಗಳು. ನೀರಿನ ಮೇಲೆ ಬೆಣ್ಣೆಯ ಹಾಗೆ ದಪ್ಪಗೆ ಕಟ್ಟಿದ ಬಣ್ಣದ ಕೆನೆ, ಅದರಲ್ಲಿ ಚೆಂಡುಹೂವು, ಪ್ಲಾಸ್ಟಿಕ್ ಚೀಲ, ಗುಟ್ಕಾದ ಚೀಟಿ, ಹೊಟ್ಟೆ ಮೇಲಾದ ಮೀನು. ಮುಂದುಗಡೆ ರೇಷ್ಮೆ ಛತ್ರಿಯೊಂದು ಪೂರಾ ಬಿಚ್ಚಿಕೊಂಡು ಹರಡಿತ್ತು. ನಮ್ಮ ಮಾಳಿಗೆಯಿಂದ ಬಿಟ್ಟಾಗ ಒಮ್ಮೆಯೂ ಅಷ್ಟು ಚೆಂದ ಬಿಚ್ಚಿಕೊಂಡಿರಲಿಲ್ಲ.

ಮಾವ ಪ್ಯಾಂಟು ಮಡಚಿ ಸೊಂಟದವರೆಗೆ ಇಳಿದು ಗುಂಡು ಟೋಪಿಯವನನ್ನು ಎಳೆದು ತಂದ. ಉಳಿದವರಿಗಾಗಿ ಬಹಳ ಹೊತ್ತು ತಡಕಾಡಿದ, ಸಿಗಲಿಲ್ಲ. “ತಗೋ” ಎಂದು ಕೈಚಾಚಿದ. ಕುತ್ತಿಗೆಯ ತಂತಿಗೆ ಕೂದಲು ಸುತ್ತಿತ್ತು, ತೆರೆದ ಬಾಯೊಳಗೆ ಪಾಚಿ. ನಾನು ಕೈ ಮುಂದೆ ಮಾಡಿದೆ, ಆಗಲಿಲ್ಲ, ಅಲ್ಲೇ ವಾಂತಿ ಮಾಡಿಕೊಂಡೆ.

ಮಾವ ಮನೆಯಲ್ಲಿ ಅವನನ್ನು ಸೀಮೆಎಣ್ಣೆ, ಸೋಪಿನ ಪುಡಿ, ಹುಣಸೆಹಣ್ಣು ಹಾಕಿ ತಿಕ್ಕಿದ. ವಾಸನೆ ಹೋಗಲೇ ಇಲ್ಲ. ಮುಂದಿನ ಸಲ ಮುಂಬೈಗೆ ಹೊರಟಾಗ “ಯಾವ ಸಿಪಾಯಿ ತರ್ಲಿ?” ಎಂದು ಕೇಳಿದ. ಬೇಡ ಎಂದೆ. ಮತ್ತೆ ಅವನು ಕೇಳಲಿಲ್ಲ.

ಹೋದ ವರ್ಷ ಹಬ್ಬಕ್ಕೆ ಬ್ಯಾಡಗಿಗೆ ಹೋಗಿದ್ದೆ. ಕಾಕಾನ ಹಲ್ಲು ಉದುರಿವೆ, ಗುಟ್ಕಾ ಬಿಟ್ಟಿದ್ದಾನೆ. ಕೈಯಲ್ಲಿ ಹಿಡಿಯುವಷ್ಟು ಮಣ್ಣಿನ ಗಣಪತಿ ತೋರಿಸಿ, “ಈಗ ಬಕೀಟನ್ಯಾಗ ಬಿಡ್ತೀವಿ ನೋಡವಾ. ಕೆರಿ ಹೊಲಸ ಮಾಡಬಾರದು,” ಎಂದು ನನಗೇ ಬುದ್ಧಿ ಹೇಳಿದ. ಆಮೇಲೆ ಏನೋ ನೆನಪಾದವನಂತೆ ಮುಖ ಅರಳಿಸಿದ.

“ನಿನ್ನವು ಛತ್ರಿ ಸಿಪಾಯಿ ಇದ್ವಲ್ಲ, ಭಾಳ ಚಂದ ಇದ್ವು. ಇನ್ನ ಇಟ್ಟೀ ಏನು? ನಮ್ಮ ಮೊಮ್ಮಗಗ ಕೊಡು, ಆಡಿ ಹೊಳ್ಳಿ ಕೊಡ್ತಾನ.”

“ಅವು ಕೆರ್‍ಯಾಗ ಅದಾವರಿ ಕಾಕಾ.”

“ಕೆರ್‍ಯಾಗ? ಅಂಥಾ ಚಂದದ ಗೊಂಬಿ ಯಾರು ಒಗದ್ರವಾ?”

ಅವನು ನಾಟಕ ಮಾಡುತ್ತಿರಲಿಲ್ಲ. ಖರೇ ಕೇಳುತ್ತಿದ್ದ, ಮುಖದಲ್ಲಿ ಮರುಕವೂ ಇತ್ತು. ಅವನು ಕೊಟ್ಟ ಕಡಬನ್ನು ಹಾಗೇ ತಾಟಿನಲ್ಲಿ ಬಿಟ್ಟು ಎದ್ದೆ.

ಅಂಥ ಸಿಪಾಯಿಗಳು ಈಗ ಫೋನಿನ ಮೇಲೆ ಬೆರಳೊತ್ತಿದರೆ ಮನೆಬಾಗಿಲಿಗೆ ಬರುತ್ತಾರೆ, ಕಾಡಿಗೆಪ್ಪನಂಥವರೂ ಸಿಗುತ್ತಾರೆ. ಕೊಳ್ಳುವ ಮನಸ್ಸಾಗುವುದಿಲ್ಲ. ಗಣಪತಿ ಮೆರವಣಿಗೆ ಬಂದಾಗ ಈಗ ಕೈಯನ್ನೇನೋ ಮುಗಿಯುತ್ತೇನೆ. ಆದರೆ ದೇವರ ಮುಖ ನೋಡುವುದಿಲ್ಲ. ಅವನ ಕಾಲಡಿ ಯಾವ ಕೂಸಿನದು ಏನೇನು ತಂದಿಟ್ಟಿದ್ದಾರೋ ಎಂದು ಹುಡುಕುತ್ತ ನಿಲ್ಲುತ್ತೇನೆ.